ಹಾಲು ಆಗದ ಮಕ್ಕಳಿಗೂ ಚಾಕೊಲೇಟ್ ಡಿಪ್ ಇರಲಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಅಡುಗೆ ಅಂಕಣದಲ್ಲಿ ಮಕ್ಕಳಿಗಾಗಿ, ಹಣ್ಣು ಅದ್ದಿ ತಿನ್ನುವ ಚಾಕೊಲೇಟ್ ಡಿಪ್ ಮಾಡುವ ವಿಧಾನ ಕೊಟ್ಟಿದ್ದೀರಿ. ಕಂಡೆನ್ಸ್ಡ್ ಮಿಲ್ಕ್, ಕ್ರೀಮ್, ಬೆಣ್ಣೆ, ಮೂರೂ ಹಾಲಿನದೇ. ಅದರ ರುಚಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮುಂಬೈಯ ನಮ್ಮ ಕನ್ನಡದ ಮನೆಗಳಲ್ಲಿ ಹಾಲು ಆಗದ ಮಕ್ಕಳೂ ಇದ್ದಾರೆ, ನನ್ನ ಮಗಳು ಅವರಲ್ಲೊಬ್ಬಳು. ಹುಟ್ಟುಹಬ್ಬವಿರಲಿ, ಸಂಘದ ಮಕ್ಕಳ ಕಾರ್ಯಕ್ರಮವಿರಲಿ, ಉಳಿದವರೆಲ್ಲ ಕೇಕ್ ತಿನ್ನುವಾಗ ಇವರ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಕೂರಿಸುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

'ಸ್ವಲ್ಪ ತಿಂದರೆ ಏನಾಗುತ್ತದೆ' ಎಂದು ಒತ್ತಾಯ ಮಾಡುವವರು ಜಾಸ್ತಿ, ಅದಕ್ಕೇ ಇಷ್ಟು ಹೇಳಬೇಕು. ಕೆಲವರಿಗೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗುವುದಿಲ್ಲ. ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಅಂಥವರಲ್ಲಿ ಹಲವರಿಗೆ ಮೊಸರು ನಡೆಯುತ್ತದೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವ ಮಗುವಿನ ವಿಷಯ ಬೇರೆ. ಅಲ್ಲಿ ಒಂದು ಚಮಚವೂ ಅಪಾಯ ತರಬಹುದು. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಅಂಗಡಿಯಲ್ಲಿ ಹಾಲಿಲ್ಲದ ಚಾಕೊಲೇಟ್ ಸ್ಪ್ರೆಡ್ ಸಿಗುವುದಿಲ್ಲ ಎಂದಲ್ಲ, ಬೆಲೆ ಕೇಳಿದರೆ ಕೈ ಹಿಂದಕ್ಕೆ ಬರುತ್ತದೆ. ಮಾಮೂಲಿ ಡಬ್ಬಿಯ ಹಿಂಭಾಗ ಓದಿ ನೋಡಿ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ, ಹೆಚ್ಚಿನ ಸ್ಪ್ರೆಡ್‌ಗಳಲ್ಲಿ ಮೊದಲ ಹೆಸರು ಸಕ್ಕರೆಯದೇ, ಆಮೇಲೆ ಎಣ್ಣೆ, ಹಾಲಿನ ಪುಡಿಯಂತೂ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಡಾರ್ಕ್ ಚಾಕೊಲೇಟ್ ಎಂದು ನಂಬಿ ತಂದರೆ ಅದರಲ್ಲೂ 'ಮಿಲ್ಕ್ ಸಾಲಿಡ್ಸ್' ಇರಬಹುದು.

ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವಿಲ್ಲ. ಬೇಕಾಗುವುದು 1 ಲೋಟ ಶೇಂಗಾ, 3 ದೊಡ್ಡ ಚಮಚ ಕೋಕೋ ಪುಡಿ, 8-10 ಮೆತ್ತನೆಯ ಖರ್ಜೂರ, ಅರ್ಧ ಲೋಟ ದಪ್ಪ ತೆಂಗಿನ ಹಾಲು, ಚಿಟಿಕೆ ಉಪ್ಪು. ಕೋಕೋ ಪುಡಿ ಎಂದರೆ ಸಿಹಿ ಇಲ್ಲದ್ದು. ಡ್ರಿಂಕಿಂಗ್ ಚಾಕೊಲೇಟ್ ತರಬೇಡಿ, ಅದರಲ್ಲಿ ಸಕ್ಕರೆಯೇ ತುಂಬಿರುತ್ತದೆ. ಕ್ರಾಫರ್ಡ್ ಮಾರ್ಕೆಟ್ ಕಡೆ ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಕೋಕೋ ಬಿಡಿಯಾಗಿ ಸಿಗುತ್ತದೆ. ಊರಿಗೆ ಹೋದಾಗ ಕ್ಯಾಂಪ್ಕೋದ್ದು ಸಿಕ್ಕಿದರೆ ನಾನು ಅದನ್ನೇ ತರುತ್ತೇನೆ. ಅಡಿಕೆ ತೋಟದ ನಡುವೆ ಕೋಕೋ ಬೆಳೆಯುವ ನಮ್ಮ ಕರಾವಳಿಯ ರೈತರ ಸಹಕಾರಿ ಸಂಸ್ಥೆ ಅದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಶುರುಮಾಡಿತು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಇದು ಗೊತ್ತಾಗಬೇಕು ಅಲ್ವಾ?

ಶೇಂಗಾ ಆರಿಸುವಾಗ ಜಿಪುಣತನ ಬೇಡ. ಮಳೆಗಾಲದಲ್ಲಿ ಈ ಊರಿನ ಹವೆಗೆ ಶೇಂಗಾಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಕಮಟು ವಾಸನೆಯ ಕಾಳನ್ನು ಬಿಸಾಡಿ.

ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಇನ್ನೂ ಬೆಚ್ಚಗಿರುವಾಗಲೇ ಮಿಕ್ಸಿಯ ಸಣ್ಣ ಜಾರಿಗೆ ಹಾಕಿ. ಮೊದಲು ಪುಡಿಯಾಗುತ್ತದೆ, ಅಂದರೆ ಇಲ್ಲಿನವರು ಉಸಳಿಗೆ, ಕೋಶಿಂಬೀರಿಗೆ ಹಾಕುವ ದಾಣ್ಯಾಚಾ ಕೂಟ್. ಅಲ್ಲಿಗೆ ನಿಲ್ಲಿಸಬೇಡಿ. ಆಮೇಲೆ ಉಂಡೆಯಾಗಿ ಜಾರಿನ ಗೋಡೆಗೆ ಅಂಟುತ್ತದೆ, ಈ ಹಂತದಲ್ಲಿ ನೀರು ಹಾಕೋಣ ಎಂದು ಎಲ್ಲರಿಗೂ ಅನಿಸುತ್ತದೆ, ದಯವಿಟ್ಟು ಹಾಕಬೇಡಿ. ಮಿಕ್ಸಿ ಬಿಸಿಯಾಗದ ಹಾಗೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ನಡುನಡುವೆ ಚಮಚದಿಂದ ಕೆಳಗೆ ತಳ್ಳುತ್ತಿರಿ. ಸ್ವಲ್ಪ ಹೊತ್ತಿಗೆ ಕಾಳಿನದೇ ಎಣ್ಣೆ ಬಿಟ್ಟು ದೋಸೆ ಹಿಟ್ಟಿನಂತೆ ಹರಿಯುತ್ತದೆ.

ಖರ್ಜೂರದ ಬೀಜ ತೆಗೆದು ಬಿಸಿನೀರಲ್ಲಿ ನೆನೆಸಿ ತೆಂಗಿನ ಹಾಲಿನ ಜೊತೆ ನುಣ್ಣಗೆ ರುಬ್ಬಿ. ಕೋಕೋ ಪುಡಿಯನ್ನು ಜರಡಿ ಹಿಡಿದು ಇದಕ್ಕೆ ಸೇರಿಸಿ ಒಂದೆರಡು ನಿಮಿಷ ಬಿಸಿ ಮಾಡಿ, ಹಸಿ ವಾಸನೆ ಹೋಗಲಿ. ಇದನ್ನು ಅರೆದಿಟ್ಟ ಶೇಂಗಾಕ್ಕೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಸಿ, ಉಪ್ಪನ್ನೂ ಹಾಕಿ. ಮೊದಲಿಗೆ ಗಟ್ಟಿಯಾಗಿ ಒಡೆದ ಹಾಗೆ ಕಾಣುತ್ತದೆ. ಹೆದರಬೇಡಿ, ಕೆಟ್ಟಿಲ್ಲ. ಕಲಸುತ್ತಾ ಹೋದರೆ ಮತ್ತೆ ನುಣ್ಣಗಾಗುತ್ತದೆ.

ಸೇಬು, ಪೇರಳೆ, ಚಳಿಗಾಲದಲ್ಲಿ ಮಹಾಬಲೇಶ್ವರದ ಸ್ಟ್ರಾಬೆರಿ, ಎಲ್ಲವನ್ನೂ ಇದರಲ್ಲಿ ಅದ್ದಿ ತಿನ್ನಬಹುದು. ನಮ್ಮ ಮನೆಯಲ್ಲಿ ನೀರುದೋಸೆಗೆ ಸವರಿ ಸುತ್ತಿ ಕೊಡುತ್ತೇನೆ, ಅದರ ಮುಂದೆ ಬೇರೆ ಯಾವುದೂ ಇಲ್ಲ. ತೆಂಗಿನ ಹಾಲು ಇರುವುದರಿಂದ ಹೊರಗಿಟ್ಟರೆ ಹಳಸುತ್ತದೆ. ಫ್ರಿಜ್ಜಿನಲ್ಲಿಟ್ಟು 3-4 ದಿನದಲ್ಲಿ ಮುಗಿಸಿ. ತಣ್ಣಗಾದಾಗ ಗಟ್ಟಿಯಾಗುತ್ತದೆ, ತಿನ್ನುವ ಸ್ವಲ್ಪ ಮೊದಲು ತೆಗೆದಿಡಿ.

ಆರೋಗ್ಯಕರ ಎಂದ ಮಾತ್ರಕ್ಕೆ ಬಟ್ಟಲುಗಟ್ಟಲೆ ಕೊಡುವುದಲ್ಲ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದ್ದರೂ ಹತ್ತಿರಹತ್ತಿರ ಅರ್ಧದಷ್ಟು ಕೊಬ್ಬೇ ಇದೆ. ಖರ್ಜೂರವೂ ಸಿಹಿಯೇ. ಒಂದು ಸಲಕ್ಕೆ ಎರಡು ಚಮಚ ಸಾಕು.

ಶೇಂಗಾ ಅಲರ್ಜಿ ಇರುವ ಮಕ್ಕಳೂ ಇದ್ದಾರೆ, ಅದೂ ಜೀವಕ್ಕೆ ಅಪಾಯ ತರುವಂಥದ್ದು. ಅಂಥ ಮನೆಯಲ್ಲಿ ಸೂರ್ಯಕಾಂತಿ ಬೀಜವನ್ನು ಇದೇ ರೀತಿ ಹುರಿದು ಅರೆಯಬಹುದು, ಅದು ಮಗುವಿಗೆ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿಕೊಂಡು. ಹತ್ತಾರು ಮಕ್ಕಳು ಸೇರುವ ಕಡೆ ಮೊದಲೇ ತಂದೆತಾಯಿಯನ್ನು ವಿಚಾರಿಸಿಯೇ ಬಡಿಸಬೇಕು.

ಹಾಗಾಗಿ ಒಂದು ಕೋರಿಕೆ. ಪ್ಯಾಕೆಟ್ ಆಹಾರದ ಮೇಲೆ ಹಾಲು, ಶೇಂಗಾ ಇದ್ದರೆ ಬರೆಯಲೇಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಹೇಳುತ್ತದೆ. ಪತ್ರಿಕೆಯ ಅಡುಗೆಗೆ ಅಂಥ ಕಡ್ಡಾಯವಿಲ್ಲ, ಆದರೂ ಪ್ರತಿ ಅಡುಗೆಯ ಕೆಳಗೆ 'ಹಾಲು ಇದೆ', 'ಶೇಂಗಾ ಇದೆ' ಎಂದು ಎರಡು ಪದ ಹಾಕಿ. ಮುಂದಿನ ಭಾನುವಾರದಿಂದಲೇ ಶುರುಮಾಡಿದರೆ ಬಹಳ ಸಂತೋಷ.

– ಒಬ್ಬ ಓದುಗಿ, ಡೊಂಬಿವಲಿ ಪೂರ್ವ