ತಪ್ಪಲು ಕೊನೆಗೆ ಹಾಕವ್ವಾ

ನವನಗರ, ಬಾಗಲಕೋಟೆ
ರವಿವಾರ ಮಧ್ಯಾಹ್ನ

ಮಗಳೇ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೊ ನೋಡಿದೆ. ಕುಕ್ಕರಿನೊಳಗೆ ಕಪ್ಪು ಹಸಿರು ನೀರು, ಅದರಲ್ಲಿ ಮುಳುಗಿದ ನಾಲ್ಕು ತುಂಡು ಕೋಳಿ, ಕೆಳಗೆ "ಅಪ್ಪಾ, ಇದು ಸೂಪಾ?" ಅಂತ ಬರೆದಿದ್ದೆ. ನಾನು ನಕ್ಕೆ. ನಿಮ್ಮವ್ವನಿಗೆ ತೋರಿಸಿದೆ, ಅವಳು ನಗಲಿಲ್ಲ. "ನೀವು ಹೇಳಿಕೊಟ್ಟೀರಿ, ನಿಮ್ಮಂಗ ಮಾಡ್ಯಾಳ" ಅಂದಳು.

ತಪ್ಪು ನನ್ನದೇ ಅವ್ವಾ. ಕೋಳಿ ತಪ್ಪಲಿನ (ನಿಮ್ಮ ಕಡೆ ಸೊಪ್ಪು ಅಂತಾರಲ್ಲ, ಅದರ) ಸೂಪು ಹೆಂಗೆ ಮಾಡೋದು ಅಂತ ಫೋನಿನಲ್ಲಿ ನೀನು ಕೇಳಿದಾಗ ನಾನು ಕ್ರಿಕೆಟ್ ನೋಡುತ್ತಾ "ಎಲ್ಲಾ ಹಾಕಿ ನಾಲ್ಕು ಸೀಟಿ ಹೊಡಿಸು, ಆಗ್ತದೆ" ಅಂದುಬಿಟ್ಟೆ. ಹಾಗೆ ಆಗೋದಿಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ "ಗೊತ್ತಾಯ್ತು ಗೊತ್ತಾಯ್ತು" ಅಂತೀಯ. ಇದನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡು ಮಾಡು.

ಮೊದಲು ನಿನ್ನ ರಕ್ತದ ರಿಪೋರ್ಟಿನ ಮಾತು. ಹಿಮೋಗ್ಲೋಬಿನ್ 9.4 ಇದೆ. ಹೆಂಗಸರಿಗೆ 12 ಆದರೂ ಇರಬೇಕು. ನೀನು "ಸ್ವಲ್ಪ ಕಡಿಮೆ ಅಷ್ಟೇ" ಅಂದೆ. ಮೂವತ್ತು ವರ್ಷ ಬಸ್ಸು ಓಡಿಸಿದವನು ನಾನು, ಡೀಸೆಲ್ ಮುಳ್ಳು ಎಲ್ಲಿದ್ದರೆ ಸ್ವಲ್ಪ ಕಡಿಮೆ, ಎಲ್ಲಿದ್ದರೆ ಗಾಡಿಯನ್ನು ಡಿಪೋಗೆ ತಿರುಗಿಸಬೇಕು ಅನ್ನೋದು ಗೊತ್ತು. ಡಾಕ್ಟರು ಕೊಟ್ಟ ಕಬ್ಬಿಣದ ಗುಳಿಗೆ ಬಿಡಬೇಡ. ಸೂಪು ಗುಳಿಗೆಯ ಬದಲಿಗೆ ಅಲ್ಲ, ಅದರ ಜೊತೆಗೆ. ಗುಳಿಗೆ ತಗೊಂಡ ಮೇಲೆ ಬಯಲಿಗೆ ಹೋದರೆ ಕಪ್ಪಗಾಗುತ್ತದೆ ಅಂತ ಹೆದರಿ ಎರಡು ದಿನ ಬಿಟ್ಟಿದ್ದೆ ಅಲ್ವಾ, ನಿಮ್ಮವ್ವ ಹೇಳಿದಳು. ಕಬ್ಬಿಣ ಹೊಟ್ಟೆಗೆ ಹೋದರೆ ಹಾಗೇ ಆಗೋದು, ಹೆದರಬೇಡ.

ಇನ್ನು ಸೂಪಿಗೆ ಬರ್ತೀನಿ.

ಇದನ್ನು ನನಗೆ ಕಲಿಸಿದವರು ಮನೆಯವರಲ್ಲ. ನೀನು ಹುಟ್ಟುವ ಮೊದಲು ಬೀಳಗಿ ತಾಲೂಕಿನ ಒಂದು ಊರಿಗೆ ನನಗೆ ವಸ್ತಿ ಬಸ್ಸು ಇತ್ತು. ರಾತ್ರಿ ಎಂಟೂವರೆಗೆ ಮುಟ್ಟೋದು, ಬೆಳಿಗ್ಗೆ ಆರಕ್ಕೆ ಬಿಡೋದು. ನಾನು, ಕಂಡಕ್ಟರು, ಒಂದು ಸೀಮೆಎಣ್ಣೆ ಸ್ಟೌ. ಚಳಿಗಾಲದಲ್ಲಿ ಒಂದು ಸಲ ನನಗೆ ಜ್ವರ ಬಂದು ಹೋಗಿತ್ತು, ಬಾಯಿ ಕೆಟ್ಟು ರೊಟ್ಟಿ ಸೇರುತ್ತಿರಲಿಲ್ಲ. ಆ ಊರಿನ ಒಬ್ಬ ಮುತ್ಯಾ, ವಯಸ್ಸಾದ ಅಜ್ಜ, ದಿನಾ ನಮ್ಮ ಬಸ್ಸಿನ ಹತ್ತಿರ ತಂಬಾಕು ತಿಕ್ಕುತ್ತಾ ಮಾತಾಡಲು ಬರುತ್ತಿದ್ದ. ಅವನೇ ಅರ್ಧ ಜವಾರಿ ಕೋಳಿ ತಂದ. ಜೋಳದ ಹೊಲದಲ್ಲಿ ಕಿತ್ತ ಹತ್ತರಕಿ ಪಲ್ಯವನ್ನು, ಅದೂ ಒಂದು ತಪ್ಪಲೇ, ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದಿದ್ದ. ಕಂಡಕ್ಟರು ಎರಡನ್ನೂ ಒಟ್ಟಿಗೇ ಬೋಗೋಣಿಗೆ ಹಾಕಲು ಹೋದ. ಮುತ್ಯಾ ಅವನ ಕೈ ಹಿಡಿದ. "ತಪ್ಪಲಾ ಕೋಳಿ ಕೂಡ ಬೇಯಿಸಬ್ಯಾಡೋ ತಮ್ಮಾ. ಕೋಳಿ ಬೇಯಲಿ. ತಪ್ಪಲಕ್ಕ ಬರೇ ಬಿಸಿ ತೋರಿಸು."

ಅಷ್ಟೇ ಇರೋದು. ಉಳಿದದ್ದೆಲ್ಲ ನೀನು ಹೆಂಗೆ ಮಾಡಿದರೂ ನಡೆಯುತ್ತದೆ.

ಈ ಮಾತು ಕೇಳಿಯೂ ನಾನು ಮನೆಯಲ್ಲಿ ನಿನ್ನ ಹಾಗೇ ಮಾಡಿದ್ದೆ. ನಿಮ್ಮವ್ವನಿಗೆ ಟೈಫಾಯ್ಡ್ ಆಗಿ ಎದ್ದ ವರ್ಷ ಅದು. ನಿಮ್ಮಜ್ಜಿ ಕೋಳಿಯನ್ನು ಅಡುಗೆಮನೆ ಒಳಗೆ ಬಿಡುತ್ತಿರಲಿಲ್ಲ, ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇಯಿಸಬೇಕು, ಬೋಗೋಣಿ ಬೇರೆ, ಸೌಟು ಬೇರೆ, ತೊಳೆಯುವ ಜಾಗವೂ ಬೇರೆ. ಬೇಗ ಮುಗಿಸೋಣ ಅಂತ ಕುಕ್ಕರಿಗೆ ಎಲ್ಲಾ ತುಂಬಿ ಮುಚ್ಚಿದೆ. ತೆಗೆದು ನೋಡಿದ ನಿಮ್ಮವ್ವ "ಏನ್ರೀ ಇದು, ಗಟಾರದ ನೀರು ಇದ್ದಂಗ ಐತಲ್ಲ" ಅಂದಳು. ಪಾಪ, ಮೂರು ವಾರದಿಂದ ಗಂಜಿ ಕುಡಿದವಳು.

ಯಾಕೆ ಹಾಗಾಗುತ್ತದೆ ಅಂದರೆ, ತಪ್ಪಲಿನ ಹಸಿರು ಬಣ್ಣ ಶಾಖವನ್ನೂ ಹುಳಿಯನ್ನೂ ಜಾಸ್ತಿ ಹೊತ್ತು ತಡೆಯೋದಿಲ್ಲ. ತಪ್ಪಲಿನೊಳಗೇ ಸ್ವಲ್ಪ ಹುಳಿ ಅಂಶ ಇರುತ್ತದೆ, ಬೇಯುವಾಗ ಅದು ಹೊರಗೆ ಬರುತ್ತದೆ, ಮುಚ್ಚಳ ಹಾಕಿದರೆ ಆವಿಯಲ್ಲಿ ಹೋಗಬೇಕಾದದ್ದೂ ಒಳಗೇ ಉಳಿದು ಬಣ್ಣ ಕೆಡಿಸುತ್ತದೆ. ಅದಕ್ಕೇ ತಪ್ಪಲು ಹಾಕಿದ ಮೇಲೆ ಮುಚ್ಚಳ ಬೇಡ.

ಈಗ ಕೋಳಿ. 300 ಗ್ರಾಂ ಸಾಕು, ನೀವಿಬ್ಬರೇ ತಾನೇ. ಎದೆಯ ತುಂಡು ಬೇಡ, ಅದು ಬೇಗ ನಾರಾಗುತ್ತದೆ. ಎಲುಬಿದ್ದ ಕಾಲಿನ ತುಂಡು ಕೇಳು, ಚರ್ಮ ತೆಗೆಸು. ಅಲ್ಲಿ ಸಿಗೋದು ಬ್ರಾಯ್ಲರೇ, ಅದಕ್ಕೆ ಬೇಜಾರು ಬೇಡ. ಅದು ಐದಾರು ವಾರದ ಮರಿ, ಅರ್ಧ ಗಂಟೆಯಲ್ಲಿ ಬೇಯುತ್ತದೆ. ಜವಾರಿಯಾದರೆ ಒಂದೂವರೆ ಗಂಟೆ ಬೇಕು, ರುಚಿ ಬೇರೆ ಹೌದು, ಆದರೆ ಆಫೀಸಿನಿಂದ ಎಂಟಕ್ಕೆ ಬಂದವಳಿಗೆ ಒಂದೂವರೆ ಗಂಟೆ ಎಲ್ಲಿಂದ ಬರಬೇಕು? ಎಲ್ಲಾದರೂ ಗಿರಿರಾಜ ಕೋಳಿ ಸಿಕ್ಕರೆ ತಗೋ, ನಿಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರೇ ಬೆಳೆಸಿದ ತಳಿ ಅದು, ನಮ್ಮ ಹಳ್ಳಿಗಳಲ್ಲೂ ಸಾಕುತ್ತಾರೆ.

ಜೊತೆಗೆ ಎರಡು ತುಂಡು ಕಲೇಜಿ, ಅಂದರೆ ಕೋಳಿಯ ಲಿವರ್, ಹಾಕಿಸಿಕೊ. ಮುಖ ಕಿವುಚಬೇಡ. 100 ಗ್ರಾಂ ಕೋಳಿ ಮಾಂಸದಲ್ಲಿ ಕಬ್ಬಿಣ ಸುಮಾರು 1 ಮಿಲಿಗ್ರಾಂ ಇದ್ದರೆ ಕಲೇಜಿಯಲ್ಲಿ ಸುಮಾರು 9 ಮಿಲಿಗ್ರಾಂ. ಸಣ್ಣಗೆ ಕೊಚ್ಚಿ ಕೊನೆಯ ಏಳೆಂಟು ನಿಮಿಷ ಇದ್ದಾಗ ಹಾಕು, ಒಳಗೆ ಕೆಂಪು ಹೋಗುವವರೆಗೆ ಬೇಯಲಿ, ಆದರೆ ಅದಕ್ಕಿಂತ ಜಾಸ್ತಿ ಬೇಯಿಸಿದರೆ ರಬ್ಬರ್ ಆಗುತ್ತದೆ.

ತೊಳೆಯುವಾಗ ನಲ್ಲಿ ಜೋರಾಗಿ ಬಿಟ್ಟು ಅದರ ಕೆಳಗೆ ಹಿಡಿಯಬೇಡ, ಹಸಿ ಕೋಳಿಯ ನೀರು ಸಿಂಕಿನ ಪಕ್ಕದ ತಾಟು ಲೋಟಕ್ಕೆಲ್ಲ ಸಿಡಿಯುತ್ತದೆ. ತೊಳೆಯಲೇಬೇಕು ಅನ್ನಿಸಿದರೆ ಬೋಗೋಣಿಯಲ್ಲಿ ನೀರು ತಗೊಂಡು ಮೆಲ್ಲಗೆ ತೊಳಿ. ಆ ಚಾಕುವಿನಲ್ಲೇ ಉಳ್ಳಾಗಡ್ಡಿ ಹೆಚ್ಚಬೇಡ.

ಬೋಗೋಣಿಗೆ ಕೋಳಿ ಹಾಕಿ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಹಾಕು. ತಣ್ಣೀರು. ಕುದಿಯುವ ನೀರಿಗೆ ಹಾಕಬೇಡ. ತಣ್ಣೀರಿನಿಂದ ಮೆಲ್ಲಗೆ ಕಾದರೆ ಬುರುಗು ಒಂದೇ ಕಡೆ ಮೇಲೆ ಬರುತ್ತದೆ, ಸೌಟಿನಿಂದ ತೆಗೆದು ಚೆಲ್ಲಬಹುದು, ರಸ ತಿಳಿಯಾಗುತ್ತದೆ. ಬುರುಗು ನಿಂತ ಮೇಲೆ ಒಂದು ಉಳ್ಳಾಗಡ್ಡಿ, ಆರು ಎಸಳು ಬಳ್ಳೊಳ್ಳಿ, ಬೆರಳುದ್ದ ಹಸಿಶುಂಠಿ ಜಜ್ಜಿ ಹಾಕು. ಹತ್ತು ಮೆಣಸಿನಕಾಳು, ಅರ್ಧ ಚಮಚ ಜೀರಿಗೆ, ಚಿಟಿಕೆ ಅರಿಶಿನ. ಅಷ್ಟೇ. ಮಸಾಲೆ ಖಾರ ಬೇಡ. ನಿಮ್ಮವ್ವ ಕಳಿಸಿದ ಖಾರದ ಪುಡಿ ಡಬ್ಬಿ ಪಕ್ಕದಲ್ಲೇ ಇರುತ್ತದೆ, ಕೈ ಹೋಗುತ್ತದೆ, ತಡಿ. ಉರಿ ಎಷ್ಟು ಸಣ್ಣ ಅಂದರೆ, ಆಗಾಗ ಒಂದೊಂದು ಗುಳ್ಳೆ ಮೇಲೆ ಬಂದು ಒಡೆಯಬೇಕು. ಕೊತಕೊತ ಕುದಿಸಿದರೆ ಕೊಬ್ಬೆಲ್ಲ ರಸದಲ್ಲಿ ಕಲಸಿಹೋಗಿ ಬೆಳ್ಳಗೆ, ಜಿಡ್ಡು ಜಿಡ್ಡಾಗುತ್ತದೆ, ಆಮೇಲೆ ತೆಗೆಯಲಿಕ್ಕೂ ಆಗೋದಿಲ್ಲ. ಬೇರೆ ಲಾಭವೂ ಇದೆ: ಸೀಟಿ ಇಲ್ಲ, ಒಗ್ಗರಣೆ ಇಲ್ಲ, ನಿಮ್ಮ ಮನೆ ಓನರ್ ಮೂಗು ಮೆಟ್ಟಿಲ ತನಕ ಬರೋದಿಲ್ಲ.

ಅರ್ಧ ಗಂಟೆ ಆದ ಮೇಲೆ ತುಂಡು ತೆಗೆದು ಎಲುಬಿನಿಂದ ಮಾಂಸ ಬಿಡಿಸು. ಎಲುಬಿನ ಹತ್ತಿರ ಇನ್ನೂ ಕೆಂಪು ರಸ ಬಂದರೆ ಮತ್ತೆ ಹಾಕಿ ಬೇಯಿಸು. ಬಿಡಿಸಿದ ಮಾಂಸವನ್ನು ರಸಕ್ಕೇ ವಾಪಸ್ ಹಾಕಿ ತಿನ್ನಬೇಕು, ಇದು ಮುಖ್ಯ. ನಮ್ಮ ಕಡೆ ಶಕ್ತಿ ಎಲ್ಲಾ ರಸದಲ್ಲೇ ಇಳಿದಿರುತ್ತದೆ, ತುಂಡು ಬರೀ ಚರಟ ಅಂತಾರೆ. ಬಾಣಂತಿಗೆ, ಜ್ವರ ಬಂದವರಿಗೆ ರಸ ಬಸಿದು ಕೊಟ್ಟು, ತುಂಡನ್ನು ಮನೆಯ ಗಂಡಸರು ಖಾರ ಹಚ್ಚಿ ತಿಂದು ಮುಗಿಸುತ್ತಾರೆ. ನಾನೂ ತಿಂದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಪ್ರೋಟೀನು ಹೆಚ್ಚಿನದೆಲ್ಲ ತುಂಡಿನಲ್ಲೇ ಉಳಿಯುತ್ತದೆ. ರಸದಲ್ಲಿ ರುಚಿ, ಉಪ್ಪು, ಎಲುಬಿನ ಅಂಟು. ರಕ್ತ ಕಡಿಮೆ ಇರೋದು ನಿನಗೆ, ತುಂಡು ನೀನು ತಿನ್ನು. ನಿನ್ನ ರೂಮಿನ ಗೆಳತಿಗೂ ಕೊಡು, ಪೂರ್ತಿ ಬೇಡ.

ತಪ್ಪಲಿನ ವಿಷಯ ಸ್ವಲ್ಪ ಉದ್ದ ಇದೆ. ಅಂಗಡಿಯಲ್ಲಿ ತಪ್ಪಲು ಅಂದರೆ ಅಲ್ಲಿ ಯಾರಿಗೂ ತಿಳಿಯಲಿಕ್ಕಿಲ್ಲ, ಸೊಪ್ಪು ಅನ್ನು. ಹತ್ತರಕಿ, ಕಿರಕಸಾಲಿ ಹುಡುಕಿ ಕಾಲ ಕಳೆಯಬೇಡ, ಅವು ನಮ್ಮ ಹೊಲದ ಬದುವಿನವು. ನಮ್ಮ ರಾಜಗಿರಿಯಂಥದ್ದು ಅಲ್ಲಿ ದಂಟಿನ ಸೊಪ್ಪು ಅಂತ ಸಿಗುತ್ತದೆ, ಎಳೆಯದು ನೋಡಿ ತಗೋ, ನಾಲ್ಕೈದು ನಿಮಿಷ ಸಾಕು. ಪಾಲಕ ಎರಡು ನಿಮಿಷ. ನೀನು ಪಾಲಕ ಒಂದೇ ತರ್ತೀಯ, ಕಾರ್ಟೂನಿನಲ್ಲಿ ಅದನ್ನು ತಿಂದವನ ತೋಳು ಉಬ್ಬೋದು ನೋಡಿ ಎಲ್ಲರೂ ಅದನ್ನೇ ನಂಬಿದ್ದಾರೆ. ಅದರಲ್ಲಿ ಆಕ್ಸಲೇಟ್ ಅನ್ನೋದು ಜಾಸ್ತಿ, ಅದು ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡೋದಿಲ್ಲ. ಕುದಿವ ನೀರಿನಲ್ಲಿ ಒಂದು ನಿಮಿಷ ಅದ್ದಿ ಆ ನೀರು ಚೆಲ್ಲಿ ಹಾಕಿದರೆ ಎಷ್ಟೋ ಕಡಿಮೆಯಾಗುತ್ತದೆ. ನನ್ನ ಕೇಳಿದರೆ ನುಗ್ಗೆ ತಪ್ಪಲೇ ಎಲ್ಲಕ್ಕಿಂತ ಮೇಲು, ಒಂದು ದೊಡ್ಡ ಹಿಡಿ, ದಂಟೆಲ್ಲ ತೆಗೆದು ಬರೀ ಎಲೆ. ಅದನ್ನೂ ಐದು ನಿಮಿಷ ದಾಟಿಸಿದರೆ ಕಹಿ ಬಿಡುತ್ತದೆ. ಮೆಂತ್ಯೆ ಹಾಕುವುದಾದರೆ ನಾಲ್ಕು ಕಡ್ಡಿ ಮಾತ್ರ. ಪುಂಡಿಪಲ್ಯ ಸಿಕ್ಕರೆ ಹಾಕು, ಆದರೆ ಅದು ಹುಳಿ, ಬಣ್ಣ ಕಂದು ತಿರುಗುತ್ತದೆ, ಅದು ಕೆಟ್ಟದ್ದಲ್ಲ, ಅವತ್ತು ಲಿಂಬೆ ಬೇಡ ಅಷ್ಟೇ. ತಪ್ಪಲು ತೊಳೆಯೋದು ಮೂರು ನೀರಿನಲ್ಲಿ, ಹೆಚ್ಚೋದು ತೊಳೆದ ಮೇಲೆ.

ತಪ್ಪಲು ಹಾಕುವ ಮೊದಲು ಒಂದು ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ರಸಕ್ಕೆ ಹಾಕಿ ಐದು ನಿಮಿಷ ಕುದಿಸು. ತೆಳ್ಳಗಿನ ಅಂಬಲಿಯ ಹಾಗೆ ಆಗುತ್ತದೆ. ಹೋಟೆಲಿನ ಸೂಪು ಲೋಳೆ ಲೋಳೆ ಇರುತ್ತದಲ್ಲ, ಅದು ಕಾರ್ನ್‌ಫ್ಲೋರು, ನಮಗ್ಯಾಕೆ? ಉಪ್ಪು ಆಮೇಲೆ ನೋಡಿ ಹಾಕು.

ತಪ್ಪಲು ಹಾಕಿ, ನಿಮಿಷ ಎಣಿಸಿ, ಗ್ಯಾಸ್ ಆರಿಸು. ಲಿಂಬೆಹಣ್ಣು ಆರಿಸಿದ ಮೇಲೆ ಹಿಂಡಬೇಕು, ಬಟ್ಟಲಿಗೆ ಹಾಕಿಕೊಂಡ ಮೇಲೆ ಹಿಂಡಿದರೆ ಇನ್ನೂ ಒಳ್ಳೆಯದು. ರುಚಿಗೆ ಅಷ್ಟೇ ಅಲ್ಲ. ತಪ್ಪಲಿನ ಕಬ್ಬಿಣ ಮೈಗೆ ಸುಲಭವಾಗಿ ಸೇರೋದಿಲ್ಲ, ಲಿಂಬೆಯ ಸಿ ವಿಟಮಿನ್ ಇದ್ದರೆ ಸೇರುತ್ತದೆ, ಕೋಳಿ ಜೊತೆಗಿದ್ದರೂ ಸೇರುತ್ತದೆ. ಆ ವಿಟಮಿನ್ ಕುದಿಸಿದರೆ ಹಾಳಾಗುತ್ತದೆ. ಮುತ್ಯಾ ಕೂಡ ಬೋಗೋಣಿ ಕೆಳಗಿಳಿಸಿದ ಮೇಲೇ ಲಿಂಬೆ ಹಿಂಡಿದ್ದ, ಯಾವ ವಿಟಮಿನ್ನೂ ಕೇಳಿದವನಲ್ಲ.

ಇನ್ನೊಂದು ಇದೆ, ಇದಕ್ಕೆ ನಿನಗೆ ಸಿಟ್ಟು ಬರುತ್ತದೆ. ಊಟ ಆದ ಕೂಡಲೇ ಚಹಾ ಕುಡಿಯಬೇಡ. ಗುಳಿಗೆಯ ಜೊತೆಗೂ ಬೇಡ. ಚಹಾ ಕಬ್ಬಿಣವನ್ನು ಮೈಗೆ ಸೇರಲು ಬಿಡೋದಿಲ್ಲ. ದಿನಕ್ಕೆ ಐದು ಕಪ್ ಕುಡಿಯುವವರ ಮನೆಯಲ್ಲಿ ಹುಟ್ಟಿದವಳು ನೀನು, ಬಿಡು ಅಂತ ನಾನು ಯಾವ ಬಾಯಿಂದ ಹೇಳಲಿ. ಒಂದು ಗಂಟೆ ತಡೆದು ಕುಡಿ. ನಾನೂ ಈ ವಾರದಿಂದ ಹಾಗೇ ಮಾಡ್ತಿದ್ದೀನಿ. ಮೊನ್ನೆ ಗಡಿಯಾರ ನೋಡುತ್ತಾ ಕೂತಿದ್ದಕ್ಕೆ ನಿಮ್ಮವ್ವ ನಕ್ಕಳು.

ದಿನಾ ಮಾಡಲು ಆಗೋದಿಲ್ಲ, ಗೊತ್ತು. ರವಿವಾರ ರಸ ಮಾತ್ರ ಜಾಸ್ತಿ ಮಾಡಿ, ತಪ್ಪಲು, ಹಿಟ್ಟು, ಕಲೇಜಿ ಯಾವುದೂ ಹಾಕದೆ, ಆರಿದ ಮೇಲೆ ಫ್ರಿಜ್ಜಿನಲ್ಲಿಡು. ಎರಡು ದಿನ ಇರುತ್ತದೆ. ಬೆಳಿಗ್ಗೆ ನೋಡಿದರೆ ಕೊಬ್ಬು ಮೇಲೆ ಕೆನೆಯ ಹಾಗೆ ಗಟ್ಟಿಯಾಗಿರುತ್ತದೆ, ಚಮಚದಿಂದ ಎತ್ತಿ ತೆಗಿ. ಕೆಳಗಿನ ರಸ ಜೆಲ್ಲಿಯ ಹಾಗೆ ನಡುಗುತ್ತಿದ್ದರೆ ಕೆಟ್ಟಿದೆ ಅಂತ ಚೆಲ್ಲಿಬಿಟ್ಟೀಯ, ಎಲುಬಿನ ಅಂಟು ಅದು, ಬಿಸಿ ಮಾಡಿದರೆ ಕರಗುತ್ತದೆ. ಬೇಕಾದಷ್ಟು ತಗೊಂಡು ಚೆನ್ನಾಗಿ ಕುದಿಸಿ, ಅವತ್ತಿನ ತಪ್ಪಲು ಅವತ್ತು ಹಾಕು. ಸೋಮವಾರ ನೀನು ತಿನ್ನೋದಿಲ್ಲ ಅಂತ ಗೊತ್ತು, ಹಾಗಾದರೆ ಶುಕ್ರವಾರ ಮಾಡು. ಶ್ರಾವಣದಲ್ಲಿ ಹೆಸರುಬೇಳೆ ನೀರಿಗೆ ನುಗ್ಗೆ ತಪ್ಪಲು ಹಾಕಿ ಇದೇ ರೀತಿ ಮಾಡಬಹುದು, ಅದನ್ನು ನಿಮ್ಮವ್ವನ ಹತ್ತಿರ ಕೇಳು, ನನ್ನದು ಸರಿಯಾಗೋದಿಲ್ಲ.

ನಾಳೆ ರಾತ್ರಿ ಬಸ್ಸಿಗೆ ಒಂದು ಗಂಟು ಕೊಡ್ತೀನಿ. ಡ್ರೈವರು ನನ್ನ ಕೈಕೆಳಗೆ ಕಲಿತ ಹುಡುಗ, ಬೆಳಿಗ್ಗೆ ಇಳಿದ ಕೂಡಲೇ ನಿನಗೆ ಫೋನ್ ಮಾಡ್ತಾನೆ, ನಿದ್ದೆಗಣ್ಣಲ್ಲಿ ಕಟ್ ಮಾಡಬೇಡ. ಎರಡು ಕೆ.ಜಿ. ಜೋಳದ ಹಿಟ್ಟು, ಕಡಕ್ ರೊಟ್ಟಿ ಇಪ್ಪತ್ತು, ಲಿಂಬೆಹಣ್ಣು, ನೆರಳಲ್ಲಿ ಒಣಗಿಸಿದ ನುಗ್ಗೆ ತಪ್ಪಲು ಒಂದು ಸ್ಟೀಲ್ ಡಬ್ಬಿ. ಡಬ್ಬಿ ನಿಮ್ಮವ್ವನದು, ತವರಿನದು. ಹಿಂದಿನ ಸಲದ್ದೂ ಬಂದಿಲ್ಲ ಅಂತ ಅವಳು ಇಲ್ಲೇ ನಿಂತು ಬರೆಸುತ್ತಿದ್ದಾಳೆ. ಎರಡನ್ನೂ ವಾಪಸ್ ಕಳಿಸು.

ಮಾಡಿದ ಮೇಲೆ ಮತ್ತೆ ಫೋಟೊ ಹಾಕು.

ಅಪ್ಪ