ಕೊಯ್ನಾ ನೆಲದಡಿಯ ಚಿತ್ರ ನಮಗೂ ತೋರಿಸಿ

ಮಾನ್ಯ ಸಂಪಾದಕರೇ,

ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಸುತ್ತ ಭೂಮಿ ನಡುಗಿತು ಅಂದ ಕೂಡಲೇ ‘ಅಣೆಕಟ್ಟು ಒಡೆಯುತ್ತೆ’ ಅನ್ನೋ ವಾಟ್ಸ್‌ಆ್ಯಪ್ ಸಂದೇಶ ಹರಿದಾಡುತ್ತದೆ. ಕೊಯ್ನಾ ನದಿ ಸೇರುವುದು ಕೃಷ್ಣೆಗೇ, ಹಾಗಾಗಿ ಕೃಷ್ಣೆಯ ದಡದಲ್ಲಿರುವ ನಮಗೆ ಭಯ ಆಗೋದು ಸಹಜ ಅಲ್ವಾ? 1967ರ ಡಿಸೆಂಬರ್ 11ರಂದು ಅಲ್ಲಿ 6.3 ತೀವ್ರತೆಯ ಭೂಕಂಪವಾಗಿ ಸುಮಾರು 180 ಜನ ಸತ್ತಿದ್ದರು.

ಆದರೆ ಅಲ್ಲಿನ ಸಣ್ಣಪುಟ್ಟ ಕಂಪನಗಳಿಂದಲೇ ವಿಜ್ಞಾನಿಗಳು ನೆಲದೊಳಗನ್ನು ನೋಡುತ್ತಿದ್ದಾರೆ, ಅದು ಸುದ್ದಿಯಾಗುವುದೇ ಕಡಿಮೆ. ಕಂಪನದ ಅಲೆ ಸುತ್ತಲಿನ ಒಂದೊಂದು ಕಂಪನಮಾಪನ ಕೇಂದ್ರಕ್ಕೂ ಯಾವ ಕ್ಷಣಕ್ಕೆ ಮುಟ್ಟಿತು ಅಂತ ಲೆಕ್ಕ ಹಾಕುತ್ತಾರೆ. ಗಟ್ಟಿ ಬಂಡೆಯಲ್ಲಿ ಅಲೆ ಬೇಗ ಓಡುತ್ತದೆ, ಬಿರುಕು ಬಿಟ್ಟು ನೀರು ತುಂಬಿದ ಕಡೆ ನಿಧಾನವಾಗುತ್ತದೆ, ಅದರಲ್ಲೂ ಮೊದಲ ಅಲೆಯ ಹಿಂದಿನಿಂದ ಬರುವ, ಬಂಡೆಯನ್ನು ಅಡ್ಡಡ್ಡ ಅಲುಗಿಸುವ ‘ಎಸ್ ಅಲೆ’ ಇನ್ನೂ ಜಾಸ್ತಿ ತಡವಾಗುತ್ತದೆ. ಇಂಥ ಸಾವಿರಾರು ದಾಖಲೆ ಸೇರಿಸಿದರೆ ಸಿಟಿ ಸ್ಕ್ಯಾನ್ ತರಹ ಚಿತ್ರ ಮೂಡುತ್ತದೆ. ಕೊಯ್ನಾ ಪ್ರದೇಶದ ಗೋಠಣೆ ಎಂಬ ಊರಲ್ಲಂತೂ 3 ಕಿ.ಮೀ. ಆಳಕ್ಕೆ ಕೊರೆದೇ ನೋಡಿದ್ದಾರೆ. ಮೇಲೆ ಸುಮಾರು 1.25 ಕಿ.ಮೀ. ದಪ್ಪದ ಕಪ್ಪು ಬಸಾಲ್ಟ್, ಅದರ ಕೆಳಗೆ ಗ್ರಾನೈಟ್ ತರಹದ ಹಳೇ ಬಂಡೆ.

ಎಂಥಾ ಕೆಲಸ ಇದು! ಮುಂದಿನ ಸಲ ಸುಮ್ನೆ ತೀವ್ರತೆಯ ಅಂಕಿ ಹಾಕಿ ಬಿಡಬೇಡಿ. ಕಂಪನ ಎಷ್ಟು ಆಳದಲ್ಲಿ ಆಯಿತು, ಯಾವ ಬಿರುಕಿನ ಹತ್ತಿರ ಅಂತ ನಕ್ಷೆ ಸಮೇತ ಕನ್ನಡದಲ್ಲಿ ಕೊಡಿ.

– ಓದುಗ, ಅಥಣಿ