ಎತ್ತಿ ಹಿಡಿದ ಕೈ

ಟೊರಾಂಟೊ
26 ನವೆಂಬರ್ 2022

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನಿನ್ನೆ ಫೋನಿನಲ್ಲಿ ನನ್ನ ದನಿ ಏಕೆ ಕುಗ್ಗಿದೆ ಎಂದು ಕೇಳಿದಿರಿ. ಗುರುವಾರ ಬೋರ್ಯೆ ಸಾಲ್ಮಿಂಗ್ ತೀರಿಕೊಂಡರು. ಐಸ್ ಹಾಕಿಯ ರಕ್ಷಣಾ ಆಟಗಾರ. ನೀವು ಹೆಸರು ಕೇಳಿರಲಾರಿರಿ, ಆದರೆ ತಿಳಿದಿರಬೇಕಾದ ಮನುಷ್ಯ.

ಹುಟ್ಟಿದ್ದು 1951ರಲ್ಲಿ, ಸ್ವೀಡನ್ನಿನ ಉತ್ತರದಂಚಿನ ಕಿರುನಾ ಸೀಮೆಯಲ್ಲಿ. ಅದು ಕಬ್ಬಿಣದ ಗಣಿಯ ನಾಡು. ಸಾಮಿ ಬುಡಕಟ್ಟಿನ ಮೂಲದ ತಂದೆ ಗಣಿಯ ಅಪಘಾತದಲ್ಲಿ ಹೋದಾಗ ಇವರಿಗೆ ಐದೇ ವರ್ಷ. ಕೆಜಿಎಫ್‌ನಲ್ಲಿ ತಾತ ಪಾಳಿ ಮುಗಿಸಿ ಬರುವುದು ತಡವಾದರೆ ಅಜ್ಜಿ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ ಎಂದು ನೀವು ಹೇಳುತ್ತಿದ್ದುದು ನೆನಪಾಯಿತು.

1973ರಲ್ಲಿ ಈ ಊರಿನ ಮೇಪಲ್ ಲೀಫ್ಸ್ ತಂಡಕ್ಕೆ ಬಂದರು. ಆಗ ಇಲ್ಲಿನ ಲೀಗಿನಲ್ಲಿ ಯುರೋಪಿನವರು ಬೆರಳೆಣಿಕೆಯಷ್ಟು. ಸ್ವೀಡನ್ನಿನವರು ಪುಕ್ಕಲರೆಂದು ಹೀಯಾಳಿಸಿ, ಬೇಕೆಂದೇ ಕೋಲು ಬೀಸುತ್ತಿದ್ದರು. ಇವರು ಜಗ್ಗಲಿಲ್ಲ. ಪಕ್ ಎಂದರೆ ಒಂದಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಬಾರಿಸಿದರೆ ಗುಂಡಿನಂತೆ ಬರುತ್ತದೆ. ಅದಕ್ಕೆ ಅಡ್ಡಬಿದ್ದು ಮೈಯೊಡ್ಡಿ ತಡೆಯುತ್ತಿದ್ದರು. 1986ರಲ್ಲಿ ಕೆಳಗೆ ಬಿದ್ದಿದ್ದಾಗ ಎದುರಾಳಿಯ ಸ್ಕೇಟಿನ ಅಲಗು ಆಕಸ್ಮಿಕವಾಗಿ ಮುಖ ಸೀಳಿತು. 200ಕ್ಕೂ ಹೆಚ್ಚು ಹೊಲಿಗೆ. ಆಮೇಲೂ ಆಡಿದರು.

ಲೀಫ್ಸ್ ಪರ 16 ಋತು, ಡೆಟ್ರಾಯಿಟ್‌ನಲ್ಲಿ ಒಂದು, ಕೊನೆಗೆ ಮರಳಿ ಸ್ವೀಡನ್. ಸಹ ಆಟಗಾರರ ಗೋಲುಗಳಿಗೆ ಇವರು 620 ಬಾರಿ ನೆರವಾದದ್ದು ಇಂದಿಗೂ ಲೀಫ್ಸ್ ತಂಡದ ದಾಖಲೆ. 1996ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದರು. ಆ ಗೌರವ ಪಡೆದ ಮೊದಲ ಸ್ವೀಡನ್ ಆಟಗಾರ.

ನನಗೆ ಇದೆಲ್ಲಕ್ಕಿಂತ ದೊಡ್ಡದು 1976ರ ಕೆನಡಾ ಕಪ್. ಅವರು ತಾಯ್ನಾಡಿನ ಪರವಾಗಿ ಕೆನಡಾದ ವಿರುದ್ಧ ಇದೇ ಊರಿನಲ್ಲಿ ಅಂಕಣಕ್ಕಿಳಿದಿದ್ದರು. ಹೆಸರು ಕೂಗಿದೊಡನೆ ಇಲ್ಲಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ, ಅದೂ ಎದುರಾಳಿಗೆ! ಹನ್ನೊಂದು ವರ್ಷ ಇಲ್ಲಿ ಬಾಳಿದ ನನಗೆ ಆ ಚಪ್ಪಾಳೆಯ ಬೆಲೆ ಗೊತ್ತು, ಅಪ್ಪ.

ಎರಡು ವಾರದ ಹಿಂದೆ ಅವರು ಮತ್ತೆ ಇಲ್ಲಿಗೆ ಬಂದಿದ್ದರು. ನರಗಳನ್ನು ಕುಂದಿಸಿ ಸ್ನಾಯುಗಳ ಬಲ ಉಡುಗಿಸುವ ಎಎಲ್‌ಎಸ್ ಕಾಯಿಲೆ ಮಾತನ್ನು ಕಸಿದುಕೊಂಡಿತ್ತು. ಟಿವಿಯಲ್ಲಿ ನೋಡಿದೆ: ಜನರತ್ತ ಕೈಬೀಸಲು ತೋಳು ಏಳಲಿಲ್ಲ. ಪಕ್ಕದಲ್ಲಿದ್ದ ಹಳೆಯ ನಾಯಕ ಡ್ಯಾರಿಲ್ ಸಿಟ್ಲರ್ ಆ ಕೈಯನ್ನು ಹಿಡಿದು ಮೇಲೆತ್ತಿದರು. ಸಿಟ್ಲರ್ ಅವರ ಕಣ್ಣು ತುಂಬಿತ್ತು. ನಾನು ಒಲೆಯ ಮೇಲಿನ ಹಾಲು ಮರೆತೆ.

ಈ ಕಾಗದವನ್ನು ಅಜ್ಜಿಗೆ ಓದಿ ಹೇಳಿ. ಕಿರುನಾದ ಗಣಿಯ ಭಾಗವನ್ನು ಮಾತ್ರ ನಿಧಾನವಾಗಿ ಓದಿ.

ಇಂತಿ ನಿಮ್ಮ ಮಗಳು